ಎಡಗಿವಿಯ ಪರವಾಗಿ

2024ರ ನವೆಂಬರ್ 14, ಗುರುವಾರ, ಬೆಳಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷ. ಶಿವಮೊಗ್ಗದ ಗಾಂಧಿ ಬಜಾರಿನ ಸೀರೆ ಅಂಗಡಿಯೊಂದರ ಪಕ್ಕದ ಕಿರಿದಾದ ಮೆಟ್ಟಿಲುಗಳನ್ನು ಹತ್ತುತ್ತಿದ್ದ ವಿಜಯೇಂದ್ರನಿಗೆ, ಮೇಲಿರುವ ವಕೀಲರ ಕಚೇರಿಗೆ ಬರಲು ತಾನು ಯಾವಾಗ ಒಪ್ಪಿದೆನೆಂಬುದು ಇನ್ನೂ ನೆನಪಾಗಿರಲಿಲ್ಲ. ಒಪ್ಪಿರುವುದಂತೂ ನಿಜವಂತೆ. ‘ಭಾನುವಾರ ರಾತ್ರಿ ಮಲಗಿದಾಗ ಕೇಳ್ದೆ, ನೀವು ಹ್ಞೂಂ ಅಂದ್ರಿ. ಎರಡು ಸಲ ಅಂದ್ರಿ’ ಎಂದು ಹೆಂಡತಿ ಸೀತಾಲಕ್ಷ್ಮಿ ಬೆಳಗ್ಗೆ ದೋಸೆ ಮಗುಚುತ್ತ ಸಾಕ್ಷ್ಯ ನುಡಿದಿದ್ದಳು. ಅಂದಿರಬಹುದು. ಅವನು ಬಲಮಗ್ಗುಲಾಗಿ, ಗೋಡೆಗೆ ಮುಖ ಮಾಡಿ ಮಲಗುವವನು. ಕೇಳುವ ಬಲಗಿವಿ ದಿಂಬಿನೊಳಗೆ ಹುದುಗಿದರೆ ಮೇಲೆ ಉಳಿಯುವುದು ಎಡಗಿವಿ. ಅದು ಎರಡು ವರ್ಷದಿಂದ ಕನ್ನಡಕದ ಕಡ್ಡಿ ಸಿಕ್ಕಿಸಲು ಮಾತ್ರ ಇದೆ. ಅವಳ ಮಾತು ಅವನಿಗೆ ಹಾಸಿಗೆಯ ಸಣ್ಣ ಕಂಪನವಾಗಿ ಬರುತ್ತದೆ. ಕಂಪನ ನಿಂತ ಕಡೆ ಅವನು ಹ್ಞೂಂ ಎನ್ನುತ್ತಾನೆ. ಈ ಕ್ರಮದಲ್ಲಿ ಅವನು ಇದುವರೆಗೆ ಒಂದು ನೀರಿನ ಫಿಲ್ಟರಿಗೆ, ಭಾವಮೈದುನನ ಹತ್ತು ದಿನದ ವಾಸ್ತವ್ಯಕ್ಕೆ, ಈಗ ಭದ್ರಾವತಿಯ ಡಾಕ್ಟರ್ ರಾಮಯ್ಯನವರ ಮೇಲಿನ ಕೇಸಿಗೆ ಒಪ್ಪಿಗೆ ಕೊಟ್ಟಿದ್ದ. ಮಗ್ಗುಲು ಬದಲಿಸಿದರೆ ಎಲ್ಲವೂ ಕೇಳುತ್ತದೆಂದು ಪಿಯು ಕಾಲೇಜಿನ ಭೌತಶಾಸ್ತ್ರದ ಉಪನ್ಯಾಸಕನಾದ ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಆ ಮೌನದಲ್ಲಿ ಬರುವಂಥ ನಿದ್ದೆ ಹಿಂದೆಂದೂ ಬಂದಿರಲಿಲ್ಲ. ನಷ್ಟದೊಳಗೆ ಹೀಗೊಂದು ಲಾಭ ಅಡಗಿದ್ದರೆ ಅದನ್ನು ಕೋರ್ಟು ಕಳೆಯುತ್ತದೆಯೇ, ಕಳೆದರೆ ಎಷ್ಟು ಕಳೆಯುತ್ತದೆ ಎಂದು ಯೋಚಿಸುತ್ತ ಕೊನೆಯ ಮೆಟ್ಟಿಲನ್ನು ಎಡವಿದ.

ವಕೀಲೆ ದಿವ್ಯಶ್ರೀ ಅವನ ಹಳೆಯ ವಿದ್ಯಾರ್ಥಿನಿ. ‘ಬನ್ನಿ ಸರ್, ಮೇಡಂ ಕೂತ್ಕೊಳಿ’ ಎಂದು ಎದ್ದು ನಿಂತಳು. ಅವನು ತನಗಿಟ್ಟ ಕುರ್ಚಿಯನ್ನು ಎತ್ತಿ ಎಡಮೂಲೆಯ ಗೋಡೆಗೆ ಒತ್ತಿಕೊಂಡ, ಇಬ್ಬರೂ ತನ್ನ ಬಲಕ್ಕೆ ಬರುವ ಹಾಗೆ. ಈಗೀಗ ಎಲ್ಲ ಕೋಣೆಗಳನ್ನೂ ಅವನು ಹೀಗೆ ಹೊಂದಿಸಿಕೊಳ್ಳುತ್ತಾನೆ. ಸ್ಟಾಫ್ ರೂಮಿನವರು ಇದನ್ನು ವಾಸ್ತು ಎಂದುಕೊಂಡಿದ್ದಾರೆ. ಒಬ್ಬಿಬ್ಬರು ತಾವೂ ಗೋಡೆ ಹಿಡಿದಿದ್ದಾರೆ. ತರಗತಿಯಲ್ಲಿ ಮಾತ್ರ ಇದು ನಡೆಯದು. ಅವನ ಎಡಗಡೆಯ ಬೆಂಚುಗಳು ಈಗ ಸ್ವತಂತ್ರ ರಾಷ್ಟ್ರ. ಮಾತು ಬಂದವರೆಲ್ಲ ಅಲ್ಲಿಗೆ ವಲಸೆ ಹೋಗಿದ್ದಾರೆ. ರಸ್ತೆಯಲ್ಲಿ ಯಾರಾದರೂ ‘ಸರ್’ ಎಂದು ಕೂಗಿದರೆ ದನಿ ಯಾವ ಕಡೆಯದೆಂದು ತಿಳಿಯದೆ ಪೂರ್ತಿ ಒಂದು ಸುತ್ತು ತಿರುಗಬೇಕು. ಎರಡು ಕಿವಿಗೆ ದನಿ ಮುಟ್ಟುವ ಹೊತ್ತಿನ ವ್ಯತ್ಯಾಸದಿಂದಲೇ ದಿಕ್ಕು ತಿಳಿಯುವುದೆಂದು ವರ್ಷಾವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದವನೇ ಅವನು. ಕಳೆದ ವಾರ ಇದೇ ಬಜಾರಿನ ನಡುವೆ ಹಾಗೆ ಸುತ್ತುತ್ತಿದ್ದಾಗ ಒಬ್ಬ ಆಟೋದವನು ‘ಏನ್ ಸಾರ್, ಪ್ರದಕ್ಷಿಣೆನಾ?’ ಎಂದು ಎಡಗಡೆಯಿಂದ ಅವನ ಮೊಣಕೈ ಸವರಿಕೊಂಡೇ ಹೋಗಿದ್ದ. ಅವನೆಂದದ್ದನ್ನು ಜತೆಗಿದ್ದ ಸೀತಾಲಕ್ಷ್ಮಿ ಹೇಳಿದ ಮೇಲೆ ಗೊತ್ತಾದದ್ದು. ಅವಳು ಹೆದರಿದ್ದು ಅವತ್ತು. ಭಾನುವಾರ ರಾತ್ರಿಯ ಕಂಪನಕ್ಕೆ ಕಾರಣ ಅದು.

‘ನಾಲ್ಕು ದಾರಿ ಇದಾವೆ ಸರ್,’ ದಿವ್ಯಶ್ರೀ ಬೆರಳು ಮಡಿಸಿದಳು. ‘ಒಂದು ಪೊಲೀಸು. ಅದನ್ನ ಮರ್ತುಬಿಡಿ. ಘೋರ ನಿರ್ಲಕ್ಷ್ಯ ಅಂತ ಇನ್ನೊಬ್ಬ ಡಾಕ್ಟ್ರು ಬರ್ಕೊಡ್ಬೇಕು, ಯಾರು ಬರೀತಾರೆ? ಇನ್ನೊಂದು ಸಿವಿಲ್ ದಾವೆ. ನೀವು ರಿಟೈರ್ ಆಗೋದ್ರೊಳಗೆ ಮುಗಿದ್ರೆ ನನ್ನ ಪುಣ್ಯ. ಮೆಡಿಕಲ್ ಕೌನ್ಸಿಲ್‌ಗೆ ದೂರು ಕೊಡ್ಬೋದು. ಅವ್ರು ಡಾಕ್ಟ್ರಿಗೆ ಎಚ್ಚರಿಕೆ ಕೊಡ್ತಾರೆ, ಇಲ್ಲಾ ಸ್ವಲ್ಪ ಕಾಲ ಹೆಸರು ತೆಗೀತಾರೆ, ನಿಮಗೆ ಪರಿಹಾರ ಅಂತ ಏನೂ ಬರಲ್ಲ. ಉಳಿದಿದ್ದು ಗ್ರಾಹಕರ ಆಯೋಗ. ಇಲ್ಲೇ ಶಿವಮೊಗ್ಗದಲ್ಲೇ ಇದೆ. ನಂಗೆ ಇದೇ ಸರಿ ಅನ್ಸುತ್ತೆ. ಆದ್ರೆ ಎರಡು ವರ್ಷದೊಳಗೆ ಹಾಕ್ಬೇಕು. ನಿಮ್ಮ ಎರಡು ವರ್ಷ ಮುಂದಿನ ತಿಂಗಳ ಮೊದಲ ವಾರ ಮುಗಿಯುತ್ತೆ.’

‘ನಾವು ಫೀಸೇ ಕೊಟ್ಟಿಲ್ವಲ್ಲಮ್ಮ,’ ಎಂದಳು ಸೀತಾಲಕ್ಷ್ಮಿ. ‘ನಮ್ಮಪ್ಪನ ಕಾಲದಿಂದ ಅವರು ನಮ್ಮನೆಯವರ ಹತ್ರ ತಗೊಳಲ್ಲ. ಹೋಳಿಗೆ ಕೊಟ್ಟಿದ್ವಿ.’

‘ಎಷ್ಟು?’

‘ಒಂದು ಡಬ್ಬಿ.’

‘ಬೇರೆ ಪೇಶೆಂಟ್ಸ್ ಹತ್ರ ತಗೋತಾರಲ್ವಾ? ಸಾಕು. ಕೊಡೋರೂ ಕೊಡದೇ ಇರೋರೂ ಇಬ್ರೂ ಬರೋ ಜಾಗದಲ್ಲಿ ಕೊಡದೇ ಇರೋರೂ ಗ್ರಾಹಕರೇ ಅಂತ ಸುಪ್ರೀಂ ಕೋರ್ಟು ಯಾವತ್ತೋ ಹೇಳಿದೆ. ಹೋಳಿಗೆ ಬೇಕಾಗಲ್ಲ.’ ಸ್ವಲ್ಪ ಯೋಚಿಸಿ, ‘ಇರ್ಲಿ, ಬರ್ಕೊಂಡಿರ್ತೀನಿ’ ಎಂದಳು.

ಆಮೇಲೆ ನಡೆದದ್ದನ್ನು ಸೀತಾಲಕ್ಷ್ಮಿಯೇ ಹೇಳಿದಳು. ಎರಡು ವರ್ಷದ ಹಿಂದೆ ಭದ್ರಾವತಿಯಲ್ಲಿ ಅವಳ ಚಿಕ್ಕಪ್ಪನ ಮಗಳ ಮದುವೆ. ಅವತ್ತು ಬೆಳಗ್ಗೆ ಏಳುವಾಗಲೇ ಇವರ ಎಡಗಿವಿ ಮುಚ್ಚಿಕೊಂಡಿತ್ತು. ಊಟದ ಪಂಕ್ತಿಯಲ್ಲಿ ಡಾಕ್ಟರು ಪಕ್ಕದಲ್ಲೇ ಕೂತಿದ್ದರು. ಕೈ ತೊಳೆಯುವ ನಲ್ಲಿಯ ಹತ್ತಿರ ಮೊಬೈಲ್ ಟಾರ್ಚ್ ಹಾಕಿ ಕಿವಿ ನೋಡಿ, ವ್ಯಾಕ್ಸ್ ಅಂದರು. ಎರಡು ದಿನ ಬಿಟ್ಟು ಕ್ಲಿನಿಕ್ಕಿನಲ್ಲಿ ಪಿಚಕಾರಿ ಹೊಡೆದು ತೆಗೆದರು, ಡ್ರಾಪ್ಸ್ ಕೊಟ್ಟರು. ಸಂಕ್ರಾಂತಿ ಕಳೆದ ಮೇಲೂ ಬಿಡದಿದ್ದಾಗ ಶಿವಮೊಗ್ಗದ ಕಿವಿ ಡಾಕ್ಟರಿಗೆ ತೋರಿಸಿದರೆ, ಇದು ನರದ್ದು, ಮೊದಲ ಎರಡು ವಾರದಲ್ಲಿ ಸ್ಟೀರಾಯ್ಡ್ ಕೊಟ್ಟಿದ್ದರೆ ಎಷ್ಟೋ ಜನಕ್ಕೆ ಒಂದಷ್ಟು ವಾಪಸ್ ಬರುತ್ತೆ, ಇಷ್ಟು ದಿನ ಎಲ್ಲಿದ್ರಿ ಅಂದರು.

‘ಮೊಬೈಲ್ ಟಾರ್ಚು!’ ದಿವ್ಯಶ್ರೀಯ ಕಣ್ಣರಳಿತು. ‘ಬರೀ ಬಾಯಲ್ಲಿ ಹೇಳಿದ್ರೆ ಮದುವೆಮನೆ ಮಾತು. ಟಾರ್ಚ್ ಹಾಕಿದ್ರು ಅಂದ್ರೆ ಪರೀಕ್ಷೆ ಮಾಡ್ದಂಗೆ, ಅಲ್ಲಿಂದ ಜವಾಬ್ದಾರಿ ಶುರು. ಹೆಂಗೆ ನೋಡಿದ್ರು ತೋರ್ಸಿ ಸರ್. ನಾನೇ ಡಾಕ್ಟ್ರು.’ ಎದ್ದು ಬಂದು ತನ್ನ ಮೊಬೈಲಿನ ದೀಪ ಹಚ್ಚಿ ಅವನ ಪಕ್ಕದಲ್ಲಿ ನಿಂತಳು. ವಿಜಯೇಂದ್ರನ ತಲೆ ತಾನಾಗಿ ವಾಲಿತು. ಕತ್ತಿನ ನೆನಪೇ ಬೇರೆ ಇರುತ್ತದೆಂದು ಅವನಿಗೆ ಆ ಕ್ಷಣಕ್ಕೆ ಮೊದಲು ಗೊತ್ತಿರಲಿಲ್ಲ. ಕಿವಿಯೊಳಗೆ ಬೆಳಕಿನ ಬಿಸುಪು ತಾಗಿದಂತಾಯಿತು.

‘ರೀ,’ ಎಂದಳು ಸೀತಾಲಕ್ಷ್ಮಿ. ‘ಅದು ಬಲಗಿವಿ.’

‘ಹ್ಞೂಂ’ ಎಂದ. ಈ ಸಲ ಕೇಳಿಸಿಕೊಂಡೇ ಅಂದದ್ದು.

‘ಅವರು ನೋಡಿದ್ದು ಬಲಗಿವೀನಾ?’

ಡಾಕ್ಟರು ಪಂಕ್ತಿಯಲ್ಲಿ ಅವನ ಬಲಕ್ಕೆ ಕೂತಿದ್ದರು. ‘ಡಾಕ್ಟ್ರೇ, ಯಾಕೋ ಕಿವಿ ಮುಚ್ಕೊಂಡಂಗಿದೆ’ ಎಂದಿದ್ದ. ಯಾವ ಕಿವಿ ಎಂದು ಹೇಳಿರಲಿಲ್ಲ. ಉತ್ತರದಲ್ಲಿ ಏಕಮಾನ ಬರೆಯದಿದ್ದರೆ ಅರ್ಧ ಅಂಕ ಕಳೆಯುವವನು ತಾನೇ ಹಾಗೆ ಮಾಡಿದ್ದ. ಅವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ‘ವ್ಯಾಕ್ಸ್ ಮಾರಾಯ, ಊಟ ಮಾಡು’ ಎಂದರು. ನಲ್ಲಿಯ ಹತ್ತಿರ ದೀಪ ಬಿದ್ದದ್ದು ಅವರಿಗೆ ಹತ್ತಿರವಿದ್ದ ಕಿವಿಗೆ. ಆಗ ಅವನ ಬಾಯಿ ತೆರೆದಿತ್ತು. ಆದರೆ ಡಾಕ್ಟರು ತಮ್ಮ ಶಲ್ಯದಲ್ಲೇ ಕೈ ಒರೆಸಿಕೊಂಡು, ಎಪ್ಪತ್ತು ದಾಟಿದ ಬೆನ್ನು ಬಗ್ಗಿಸಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಹಿಂದೆ ಸಾರಿನ ಕೈ ಎತ್ತಿ ಹಿಡಿದ ಜನ ಕಾಯುತ್ತಿದ್ದರು. ಅಷ್ಟು ಆದ ಮೇಲೆ ‘ಇದಲ್ಲ, ಅದು’ ಎನ್ನುವುದು ಬಡಿಸಿದ್ದನ್ನು ಎಲೆಯ ಹೊರಗೆ ತಳ್ಳಿದ ಹಾಗೆ ಅನಿಸಿತು. ಕ್ಲಿನಿಕ್ಕಿನಲ್ಲಿ ಹೇಳೋಣವೆಂದುಕೊಂಡ. ಅಲ್ಲಿ ಅವರು ನಲ್ಲಿಯ ಹತ್ತಿರ ನೋಡಿದ ಕಿವಿಯನ್ನೇ ಹಳೆಯ ಪರಿಚಯದವರಂತೆ ಹಿಡಿದುಕೊಂಡರು. ಎರಡು ಕಿವಿಗೂ ಗಂಟಲಿನ ಹಿಂದೆ ಕೊಳವೆಗಳ ಸಂಪರ್ಕವಿದೆ, ಒಂದು ಕಡೆಯ ಒತ್ತಡ ಇನ್ನೊಂದು ಕಡೆ ತೋರಬಹುದು, ಜೀವಶಾಸ್ತ್ರಕ್ಕೆ ಭೌತಶಾಸ್ತ್ರದವನು ತಲೆ ಹಾಕಬಾರದು ಎಂದು ಅವನು ಕೂತಲ್ಲೇ ಒಂದು ಸಿದ್ಧಾಂತ ಕಟ್ಟಿದ. ಪಿಚಕಾರಿಯ ಬೆಚ್ಚನೆ ನೀರು ಏನೂ ತಪ್ಪು ಮಾಡದ ಕಿವಿಯೊಳಗೆ ಸುತ್ತು ಹಾಕಿತು. ‘ನೋಡಿದ್ಯಾ ಎಷ್ಟಿತ್ತು!’ ಎಂದು ಡಾಕ್ಟರು ತಟ್ಟೆಯಲ್ಲಿ ಕಂದು ಬಣ್ಣದ ಉಂಡೆ ತೋರಿಸಿದಾಗ ಅವರ ಮುಖದಲ್ಲಿದ್ದ ಹೆಮ್ಮೆಗೆ ಅವನೂ ಪಾಲುದಾರನಾದ. ‘ಈಗ ಹೆಂಗಿದೆ?’ ಎಂದರು. ‘ಚೆನ್ನಾಗಿ ಕೇಳ್ಸುತ್ತೆ ಡಾಕ್ಟ್ರೇ.’ ಅದು ಸುಳ್ಳಲ್ಲ. ಆ ಕಿವಿ ಅಷ್ಟು ಚೆನ್ನಾಗಿ ಹಿಂದೆಂದೂ ಕೇಳಿರಲಿಲ್ಲ; ವಾಪಸ್ ಬರುವಾಗ ಬಸ್ಸಿನಲ್ಲಿ ಎರಡು ಸೀಟು ಮುಂದಿನವರ ಸಂಸಾರದ ಜಗಳವೆಲ್ಲ ತಿಳಿಯಿತು. ಡ್ರಾಪ್ಸನ್ನು ಮಾತ್ರ ಮನೆಗೆ ಬಂದು, ಯಾರಿಗೂ ಹೇಳದೆ, ಎಡಗಿವಿಗೆ ಹಾಕಿಕೊಂಡ. ಡಾಕ್ಟರ ತಪ್ಪನ್ನು ಅವರಿಗೆ ನೋವಾಗದ ಹಾಗೆ ತಿದ್ದಿದೆನೆಂದು ಆಗ ಅನಿಸಿತ್ತು.

‘ಪಿಚಕಾರಿ ಹೊಡೆದಿದ್ದೂ ಬಲಗಿವಿಗಾ?’

‘ಅಲ್ಲೂ ಬಲಗಿವೀನೇ.’

ಸೀತಾಲಕ್ಷ್ಮಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೆಂದುಕೊಂಡ. ನೋಡಿದರೆ ನಗುತ್ತಿದ್ದಳು. ಭುಜ ಕುಲುಕುತ್ತ, ಮೇಜು ಹಿಡಿದುಕೊಂಡು, ‘ಇಪ್ಪತ್ತಾರು ವರ್ಷ... ಇಂಥವರ ಜತೆ...’ ಎಂದು ಮಾತು ಮುಗಿಸಲಾಗದೆ ನಕ್ಕಳು. ನಗು ತುಸು ಹೆಚ್ಚು ಹೊತ್ತೇ ನಡೆಯಿತು. ಕೊನೆಯಲ್ಲಿ ಅದು ನಗುವೋ ಅಲ್ಲವೋ ಅವನಿಗೆ ಖಚಿತವಾಗಲಿಲ್ಲ.

ದಿವ್ಯಶ್ರೀ ಮಾತ್ರ ನಿಂತಲ್ಲೇ ಕುಣಿಯುವುದೊಂದು ಬಾಕಿ. ‘ಸರ್, ಇದು ಚಿನ್ನ! ಎಡಗಾಲು ಮುರಿದ್ರೆ ಬಲಗಾಲಿಗೆ ಸಿಮೆಂಟ್ ಹಾಕ್ದಂಗೆ. ಯಾವ ಕಿವಿ ಅಂತ ಕೇಳೋದು ಅವರ ಕರ್ತವ್ಯ.’ ಆಮೇಲೆ ದನಿ ಇಳಿಸಿ, ‘ಆದ್ರೆ ಆ ಕಡೆ ವಕೀಲ ನಿಮ್ಮನ್ನ ನಿಲ್ಲಿಸಿ ಕೇಳ್ತಾನೆ. ಸ್ವಾಮಿ ಮೇಷ್ಟ್ರೇ, ಕಿವಿ ಹೋಗಿತ್ತು ಸರಿ, ಬಾಯಿಗೆ ಏನಾಗಿತ್ತು?’ ಎಂದಳು. ಅವನು ಇದಕ್ಕೂ ಹ್ಞೂಂ ಎಂದ. ‘ಇನ್ನೊಂದು ತೊಂದರೆ ಇದೆ ಸರ್. ಆಗ ಮಾಡಿಸಿದ ಕಿವಿ ಪರೀಕ್ಷೆ ನಲವತ್ತೈದು ಡೆಸಿಬೆಲ್ ಅಂತಿದೆ. ಈ ಸಂಖ್ಯೆ ಏರಿದಷ್ಟೂ ಕಿವುಡು ಜಾಸ್ತಿ; ನಲವತ್ತೈದು ಅಂದ್ರೆ ಸುಮಾರಾಗಿ ಕೇಳುತ್ತೆ ಅಂತ. ಇದನ್ನಿಟ್ರೆ ನಷ್ಟ ಏನಾಯ್ತು ಅಂತ ಆಯೋಗ ಕೇಳುತ್ತೆ. ನಿಜವಾಗ್ಲೂ ಅಷ್ಟೇನಾ ಸರ್?’

ನಿಜ ಬೇರೆ ಇತ್ತು. ಆ ಪರೀಕ್ಷೆ ಮಾಡಿದ ಇಂಪನಾ ಎಂಬ ಹುಡುಗಿ ಆಗಷ್ಟೇ ಕೆಲಸಕ್ಕೆ ಸೇರಿದ್ದಳು. ಗಾಜಿನ ಪೆಟ್ಟಿಗೆಯಂಥ ಕೋಣೆಯೊಳಗೆ ಅವನನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಶಬ್ದ ಕೇಳಿದರೆ ಗುಂಡಿ ಒತ್ತಿ ಎಂದು ಹೊರಗೆ ಯಂತ್ರದ ಮುಂದೆ ಕೂತಳು. ಅವಳ ಕೈ ಅವನಿಗೆ ಕಾಣುತ್ತಿತ್ತು. ಕೈ ಅಲುಗಿತು, ಅವನಿಗೆ ಏನೂ ಕೇಳಲಿಲ್ಲ, ಹುಡುಗಿ ತಲೆಯೆತ್ತಿ ಆಸೆಯಿಂದ ನೋಡಿದಳು. ಪ್ರಯೋಗ ಪರೀಕ್ಷೆಯಲ್ಲಿ ಲೋಲಕ ನಿಂತುಹೋದ ಮಕ್ಕಳ ಮುಖ ಅವನಿಗೆ ನೆನಪಾಯಿತು. ಒತ್ತಿದ. ಮುಂದೆ ಕೈ ಅಲುಗಿದಾಗಲೆಲ್ಲ ಒತ್ತಿದ. ಅವಳು ಸಂತೋಷವಾಗಿ ನಲವತ್ತೈದು ಎಂದು ಬರೆದುಕೊಂಡಳು.

‘ಎಷ್ಟಾದ್ರೂ ಇರ್ಲಿ, ರಾತ್ರಿ ನನ್ನ ಮಾತು ಕೇಳುತ್ತಲ್ಲ ಇವರಿಗೆ’ ಎಂದಳು ಸೀತಾಲಕ್ಷ್ಮಿ, ಕಣ್ಣೊರೆಸಿಕೊಳ್ಳುತ್ತ. ವಿಜಯೇಂದ್ರ ಕಿಟಕಿಯ ಆಚೆ ತೂಗುಹಾಕಿದ ಸೀರೆಗಳನ್ನು ನೋಡಿದ.

ಸಂಜೆ ನಾಲ್ಕಕ್ಕೆ ಮತ್ತೆ ಪರೀಕ್ಷೆ ಎಂದು ನಿಶ್ಚಯವಾಯಿತು. ಅದು ಬಂದ ಮೇಲೆ ಡಾಕ್ಟರಿಗೆ ನೋಟಿಸು, ಆಮೇಲೆ ಆಯೋಗ. ನಲವತ್ತೈದೇ ಬಂದರೆ ಕೇಸನ್ನು ಮರೆತುಬಿಡಬೇಕು. ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಸೀತಾಲಕ್ಷ್ಮಿ ಅಲ್ಲಿಂದಲೇ ಪರೀಕ್ಷೆಗೆ ಬರುವವಳು. ಎಲ್ಲ ಮುಗಿದು ಎದ್ದಾಗ ವಿಜಯೇಂದ್ರ, ‘ಒಂದು ಮಾತು ಹೇಳದೆ ಅವರಿಗೆ ನೋಟಿಸ್ ಕಳ್ಸೋದು ಚೆನ್ನಾಗಿರಲ್ಲ, ಭದ್ರಾವತಿಗೆ ಹೋಗಿ ಬರ್ತೀನಿ’ ಎಂದ.

‘ಅಕ್ಷತೆ ತಗೊಂಡು ಹೋಗಿ,’ ಎಂದಳು ಸೀತಾಲಕ್ಷ್ಮಿ. ‘ಕುಟುಂಬ ಸಮೇತ ಬಂದು ಕೇಸ್ ನಡೆಸಿಕೊಡ್ಬೇಕು ಅಂತ ಕರೆದು ಬನ್ನಿ.’

‘ಸರ್, ದಯವಿಟ್ಟು ಬೇಡ,’ ಎಂದಳು ದಿವ್ಯಶ್ರೀ. ‘ಹೋದ್ರೂ ಕೇಸಿನ ವಿಚಾರ ಎತ್ಬೇಡಿ.’

‘ಹ್ಞೂಂ’ ಎಂದು ಬಸ್ ಹತ್ತಿದ.

ಎಡಗಡೆಯ ಕಿಟಕಿ ಸೀಟು ಸಿಕ್ಕಿತು. ಲೋಕವೆಲ್ಲ ಬಲಕ್ಕೆ ಬಂತು. ಮಾಚೇನಹಳ್ಳಿ ದಾಟುವವರೆಗೆ ಮೊದಲ ವಾಕ್ಯವನ್ನು ತಿದ್ದಿದ. ‘ನಿಮ್ಮ ಮೇಲೆ ನಮಗೆ ಗೌರವ ಇದೆ, ಆದರೆ’ ಎಂಬುದರಲ್ಲಿ ಆದರೆ ಬೇಗ ಬಂತು. ‘ನೀವು ತಪ್ಪು ತಿಳಿಯಬಾರದು’ ಎಂಬುದನ್ನು ತಪ್ಪು ಮಾಡಿದವರಿಗೆ ಹೇಳುವುದು ಹೇಗೆ? ಭದ್ರಾವತಿಯಲ್ಲಿ ಇಳಿದಾಗ ಎಂದಿನಂತೆ ಹಗುರವೆನಿಸಿತು. ಕಾರ್ಖಾನೆಯ ಸದ್ದಿನಲ್ಲಿ ಬಾಳು ಸವೆಸಿದ ಈ ಊರಿನವರು ಪಕ್ಕದಲ್ಲಿ ನಿಂತವರೊಂದಿಗೂ ಕಿರುಚಿಯೇ ಮಾತಾಡುತ್ತಾರೆ. ಕನ್ನಡ, ತಮಿಳು, ತೆಲುಗು ಮೂರನ್ನೂ ಒಂದೇ ಎತ್ತರದಲ್ಲಿ. ಭದ್ರಾವತಿಯಲ್ಲಿ ಅವನು ಕಿವುಡನಲ್ಲ.

ನ್ಯೂಟೌನಿನ ಕ್ಲಿನಿಕ್ಕಿನಲ್ಲಿ ಕೊನೆಯ ರೋಗಿ ಕರಿಯಮ್ಮ ಎಂಬ ಮುದುಕಿ. ಡಾಕ್ಟರ್ ರಾಮಯ್ಯ ಅವಳ ಮೊಣಕಾಲು ಒತ್ತಿ, ‘ಇಲ್ಲಿ ನೋವಾ?’ ಎಂದರು.

‘ಅಯ್ಯೋ ನಿಮ್ಮ, ಅದಲ್ಲ, ಈ ಕಾಲು! ಅದೇನ್ ಮಾಡಿತ್ತು ನಿಮಗೆ? ಬಿಡಿ ಅದನ್ನ!’

ಡಾಕ್ಟರು ನಗುತ್ತ ಇನ್ನೊಂದು ಕಾಲು ಹಿಡಿದರು. ಅಷ್ಟೇ. ಆಕಾಶ ಬೀಳಲಿಲ್ಲ.

‘ಏನಯ್ಯ ಮೇಷ್ಟ್ರೇ, ಸೀತೆ ಹೆಂಗಿದಾಳೆ?’ ಮುದುಕಿ ಹೋದ ಮೇಲೆ ಅವರು ಕೂಗಿದರು. ಬಸ್ಸಿನಲ್ಲಿ ತಿದ್ದಿದ ವಾಕ್ಯಗಳೆಲ್ಲ ಒಟ್ಟಿಗೆ ಬಾಗಿಲಿಗೆ ನುಗ್ಗಿ ಸಿಕ್ಕಿಕೊಂಡವು. ‘ಡಾಕ್ಟ್ರೇ, ನಿಮ್ಮ ಮೇಲೆ ಒಂದು ಕೇಸ್ ಹಾಕೋಣ ಅಂತಿದೀವಿ’ ಎಂದುಬಿಟ್ಟ.

‘ಹಾಕಿ, ಹಾಕಿ. ಯಾವುದಕ್ಕೆ?’

‘ಕಿವಿಗೆ.’

‘ಯಾಕೋ, ಕ್ಲೀನ್ ಮಾಡಿ ಕಳ್ಸಿದ್ನಲ್ಲ! ಉಂಡೆ ತೋರ್ಸಿರ್ಲಿಲ್ವಾ?’

‘ಅದು ಬಲಗಿವಿ. ಹೋಗಿದ್ದು ಎಡಗಿವಿ. ಈಗ ವಾಪಸ್ ಬರಲ್ವಂತೆ.’

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕನ್ನಡಕವಿಲ್ಲದ ಅವರ ಮುಖ ಅವನಿಗೆ ಗೊತ್ತಿರಲಿಲ್ಲ. ಮೂಗಿನ ಎರಡು ಬದಿಗೆ ಎರಡು ಕೆಂಪು ಗುಳಿಗಳಿದ್ದವು.

‘ನೀನು ಹೇಳ್ಲಿಲ್ಲ’ ಎಂದರು.

‘ನೀವು ಕೇಳ್ಲಿಲ್ಲ.’

ಮಾತು ಎಲ್ಲಿಂದ ಬಂತೆಂದು ವಿಜಯೇಂದ್ರ ಒಮ್ಮೆ ಸುತ್ತ ನೋಡಿದ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಡಾಕ್ಟರು ಎದ್ದು ಕಿವಿ ನೋಡುವ ದೀಪದ ಕೊಳವೆ ತಂದು ‘ತಿರುಗು’ ಎಂದರು. ಎರಡು ವರ್ಷ ತಡವಾಗಿ ಅವನು ಎಡಗಿವಿಯನ್ನು ಒಪ್ಪಿಸಿದ. ತಣ್ಣನೆಯ ತುದಿ ಒಳಗೆ ಬಂತು. ಆಮೇಲೆ ಹೋಯಿತು. ಅವರ ಉಸಿರು ಕೆನ್ನೆಗೆ ತಾಗುತ್ತಿತ್ತು. ಉಸಿರಿನ ಲಯ ತುಸು ಬದಲಾಗಿ ನಿಂತಿತು. ನಿಂತ ಕಡೆ ಅವನು ಅಭ್ಯಾಸಬಲದಿಂದ ‘ಹ್ಞೂಂ’ ಎಂದ.

ಡಾಕ್ಟರು ಎದುರಿಗೆ ಬಂದರು. ಮುಖ ದೀಪ ಹಚ್ಚಿದಂತಿತ್ತು. ‘ಕೇಳುತ್ತಲ್ಲೋ! ಕೇಳುತ್ತಾ ಅಂತ ಎಷ್ಟು ಮೆಲ್ಲಗೆ ಕೇಳ್ದೆ, ಹ್ಞೂಂ ಅಂದ್ಯಲ್ಲ! ಅಷ್ಟೇನೂ ಹೋಗಿಲ್ಲ ಬಿಡು.’ ಕುರ್ಚಿಯಲ್ಲಿ ಕೂತು ನೀರು ಕುಡಿದರು. ‘ವ್ಯಾಕ್ಸೇ ಇಲ್ಲ ಇದ್ರಲ್ಲಿ, ಪರದೆ ಕನ್ನಡಿ ಹಂಗಿದೆ. ಅವತ್ತು ಇದನ್ನ ನೋಡಿದ್ರೆ ಅವತ್ತೇ ಸಾಯಂಕಾಲ ನಿನ್ನ ಶಿವಮೊಗ್ಗಕ್ಕೆ ಓಡಿಸ್ತಿದ್ದೆ, ತಿಳೀತಾ? ಆಯೋಗಕ್ಕೆ ಹೋಗ್ತೀಯಾ ಹೋಗು, ನಂದು ಇನ್ಶೂರೆನ್ಸ್ ಇದೆ. ಕೌನ್ಸಿಲ್‌ಗೆ ಮಾತ್ರ ಬರೀಬೇಡ ಮಾರಾಯ. ಈ ಬೋರ್ಡ್ ಇಳಿಸಿ ಮನೇಲಿ ಕೂತ್ಕೋ ಅಂದ್ರೆ ನಾನೇನ್ ಮಾಡ್ಲಿ?’ ಮತ್ತೆ ಮುಂದಕ್ಕೆ ಬಾಗಿ, ‘ಸ್ವಲ್ಪ ಕೇಳುತ್ತಲ್ವಾ?’ ಎಂದರು. ಅದು ಡಾಕ್ಟರು ರೋಗಿಯನ್ನು ಕೇಳುವ ದನಿಯಲ್ಲ. ರೋಗಿ ಡಾಕ್ಟರನ್ನು ಕೇಳುವ ದನಿ.

ಇಲ್ಲ ಎನ್ನಬೇಕಿತ್ತು. ‘ಸಂಜೆ ಪರೀಕ್ಷೆ ಇದೆ’ ಎಂದಷ್ಟೇ ಹೇಳಿ ಕೈ ಮುಗಿದು ಹೊರಗೆ ಬಂದ. ಬಾಗಿಲವರೆಗೂ ಅವರು ಅವನ ಬೆನ್ನು ತಟ್ಟುತ್ತ ಬಂದರು.

ಬಸ್ಸಿನಲ್ಲಿ ಆ ಬೆಳಗಿದ ಮುಖ ಅವನ ಬಲಕ್ಕೇ ಕೂತಿತ್ತು. ಒಂದು ಹ್ಞೂಂನಿಂದ ಅಷ್ಟು ಸುಖ ಕೊಡಲು ಸಾಧ್ಯವಿದ್ದರೆ ಯಾಕೆ ಕೊಡಬಾರದು? ಸಂಜೆ ಗುಂಡಿಯನ್ನು ಒಂದಷ್ಟು ಸಲ ಹೆಚ್ಚು ಒತ್ತಿದರಾಯಿತು. ನಲವತ್ತೈದು. ಡಾಕ್ಟರ ಬೋರ್ಡು ಉಳಿಯುತ್ತದೆ, ಇಂಪನಾಳ ಮೊದಲಿನ ಲೆಕ್ಕ ಸರಿಯಾಗುತ್ತದೆ, ಸೀತಾಲಕ್ಷ್ಮಿಯ ರಾತ್ರಿಯ ಮಾತುಗಳೆಲ್ಲ ಕೇಳಿಸಿಕೊಂಡವುಗಳಾಗಿಯೇ ಉಳಿಯುತ್ತವೆ. ಎಡಗಿವಿಯೊಂದನ್ನು ಬಿಟ್ಟು ಯಾರಿಗೂ ಅನ್ಯಾಯವಿಲ್ಲ. ಅದರ ಪರವಾಗಿ ವಾದಿಸುವವರಾದರೂ ಯಾರು? ಅದಕ್ಕೆ ಹೇಳಿದರೂ ಕೇಳಿಸುವುದಿಲ್ಲ. ಅವಳು ಎರಡು ವರ್ಷದಿಂದ ಏನೇನು ಹೇಳಿರಬಹುದು ಎಂದು ಬಿದರೆಯ ಹತ್ತಿರ ಮೊದಲ ಬಾರಿಗೆ ಯೋಚಿಸಿದ. ಫಿಲ್ಟರು, ತಮ್ಮ, ಕೇಸು. ಇವು ಉತ್ತರ ಬೇಕಾದ ಮಾತುಗಳು, ಹಗಲಿಗೆ ಉಳಿದು ಬಂದವು. ಉತ್ತರ ಬೇಡದ ಮಾತುಗಳೂ ಇದ್ದಿರಬೇಕು. ಕತ್ತಲಲ್ಲಿ ಹೇಳಿ, ಹ್ಞೂಂ ಎಂಬುದನ್ನು ಕೇಳಿ, ಸಮಾಧಾನವಾಗಿ ನಿದ್ದೆ ಹೋದಂಥವು. ಅವುಗಳಲ್ಲಿ ಒಂದೂ ಅವನಿಗೆ ಗೊತ್ತಿಲ್ಲ. ಆ ಒಳ್ಳೆಯ ನಿದ್ದೆಯ ಲೆಕ್ಕದಲ್ಲಿ ಅವನ್ನು ಅವನು ಕಳೆದಿರಲಿಲ್ಲ.

ಪರೀಕ್ಷಾ ಕೇಂದ್ರದಲ್ಲಿ ಮಕ್ಕಳ ದಿನಾಚರಣೆಯ ಬಲೂನುಗಳನ್ನು ಕಟ್ಟಿದ್ದರು. ಬಾಗಿಲಲ್ಲಿದ್ದವಳು ಎಲ್ಲರಿಗೂ ಕೊಡುವಂತೆ ಅವನಿಗೂ ಒಂದು ಚಾಕೊಲೇಟ್ ಕೊಟ್ಟಳು. ಬೇಡವೆನ್ನಲಾಗದೆ ಬಾಯಿಗೆ ಹಾಕಿಕೊಂಡ. ಸೀತಾಲಕ್ಷ್ಮಿ ಮೊದಲೇ ಬಂದು ಕೂತಿದ್ದಳು. ‘ಕರೆದು ಬಂದ್ರಾ?’ ಎಂದಳು. ‘ಹೇಳ್ದೆ. ಬಲ ಎಡ ಎಲ್ಲ ಹೇಳ್ದೆ’ ಎಂದ. ಅವಳು ಅವನನ್ನು ಹೊಸಬನನ್ನು ನೋಡುವಂತೆ ನೋಡಿದಳು.

ಇಂಪನಾ ಗುರುತು ಹಿಡಿದಳು. ‘ಸರ್, ಕಳೆದ ಸಲ ಎಷ್ಟು ಚೆನ್ನಾಗಿ ಕೋಆಪರೇಟ್ ಮಾಡಿದ್ರಿ ನೀವು!’

ಗಾಜಿನ ಕೋಣೆಯಲ್ಲಿ ಅದೇ ಕುರ್ಚಿ, ಗಾಜಿನಾಚೆ ಅದೇ ಯಂತ್ರ. ಅವಳು ಹೆಡ್‌ಫೋನ್ ಹಾಕಲು ಬಂದಾಗ ವಿಜಯೇಂದ್ರನ ಬಾಯಿ ತೆರೆಯಿತು. ಚಾಕೊಲೇಟನ್ನು ಕೆನ್ನೆಗೆ ಸರಿಸಿ, ‘ಈ ಕುರ್ಚಿನ ಆ ಕಡೆ ತಿರುಗಿಸಬಹುದಾ? ನಿಮ್ಮ ಕೈ ಕಾಣ್ಬಾರದು’ ಎಂದ.

‘ಯಾಕೆ ಸರ್?’

‘ಕಂಡ್ರೆ ಒತ್ತುತೀನಿ.’

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಕಿವಿಯವರೆಗೂ ಕೆಂಪಾಗಿ ಕುರ್ಚಿ ತಿರುಗಿಸಿದಳು.

ಬಾಗಿಲು ಮುಚ್ಚಿತು. ಒಳ್ಳೆಯ ಕಿವಿ ಕೆಟ್ಟ ಕಿವಿಗೆ ಸಹಾಯ ಮಾಡದಿರಲೆಂದು ಬಲಕ್ಕೆ ಭೋರೆನ್ನುವ ಸದ್ದು ತುಂಬಿದರು. ಭದ್ರಾವತಿಯೇ ಬಂದು ಒಳಗೆ ಕೂತ ಹಾಗಾಯಿತು. ಎಡಕ್ಕೆ ಏನೂ ಇರಲಿಲ್ಲ. ಎದುರಿಗೆ ತೂತುಗಳ ಬಿಳಿ ಹಲಗೆ. ಹೆಬ್ಬೆರಳ ಕೆಳಗೆ ಗುಂಡಿ. ಈಗ ಒಂದು ಶಬ್ದ ಬಂದಿರಬೇಕು ಎಂದುಕೊಂಡ. ಆ ಹುಡುಗಿ ಕಾಯುತ್ತಿರಬೇಕು. ಡಾಕ್ಟರೂ ಕಾಯುತ್ತಿರಬೇಕು, ನೀರಿನ ಲೋಟ ಹಿಡಿದು. ಹೆಬ್ಬೆರಳು ಬೆವರಿತು. ಸಾರಿನ ಕೈ ಎತ್ತಿ ಹಿಡಿದವರ ಸಾಲು ಹಿಂದೆ ಬೆಳೆಯುತ್ತಿದೆ ಅನಿಸಿತು. ಒಂದೇ ಒಂದು ಸಲ ಒತ್ತಿದರೆ ಎಲ್ಲರೂ ಕೈ ತೊಳೆದುಕೊಂಡು ಮನೆಗೆ ಹೋಗಬಹುದು. ಅವನು ಒತ್ತಲಿಲ್ಲ. ಜೀವಮಾನದಲ್ಲಿ ಅಷ್ಟು ಹೊತ್ತು ಅವನು ಯಾರಿಗೂ ಉತ್ತರ ಕೊಡದೆ ಕೂತಿರಲಿಲ್ಲ. ಚಾಕೊಲೇಟ್ ಪೂರ್ತಿ ಕರಗಿತು. ಎಷ್ಟೋ ಹೊತ್ತಿನ ಮೇಲೆ, ಬಹಳ ದೂರದ ಮನೆಯ ಕದವನ್ನು ಯಾರೋ ಬೆರಳ ಗೆಣ್ಣಿನಿಂದ ತಟ್ಟಿದಂತೆ, ಸದ್ದಿಗಿಂತ ಸ್ಪರ್ಶದಂತೆ, ಏನೋ ಬಂತು. ನಿಜವಾಗಿ ಬಂತೇ ಎಂದು ಇನ್ನೊಮ್ಮೆ ಕಾದ. ಮತ್ತೆ ಬಂತು. ಒತ್ತಿದ.

ಹೊರಗೆ ಬಂದಾಗ ಇಂಪನಾ ಅವನ ಕಣ್ಣು ತಪ್ಪಿಸಿ ವರದಿಯನ್ನು ಸೀತಾಲಕ್ಷ್ಮಿಯ ಕೈಗೆ ಕೊಟ್ಟಳು. ಸೀತಾಲಕ್ಷ್ಮಿ ಅವನ ಎಡಗಡೆ ನಿಂತು ಅದನ್ನು ಓದಿದಳು. ಅವಳ ತುಟಿಗಳು ಅಲುಗಿದವು, ನಿಂತವು. ಅವನು ಹ್ಞೂಂ ಎನ್ನಲಿಲ್ಲ.

‘ಕೇಳ್ಸಲಿಲ್ಲ ಸೀತಾ,’ ಎಂದ. ‘ರಾತ್ರಿ ಹೇಳಿದ್ದೂ ಯಾವುದೂ ಕೇಳ್ಸಿಲ್ಲ.’

ಅವಳು ಬಲೂನುಗಳನ್ನು ಕೈಯಿಂದ ಸರಿಸಿ, ಅವನನ್ನು ಸುತ್ತಿ ಬಲಗಡೆಗೆ ಬಂದು, ತರಗತಿಯಲ್ಲಿ ಓದುವವಳಂತೆ ಇನ್ನೊಮ್ಮೆ ಓದಿದಳು. ಎಡಗಿವಿ, ತೊಂಬತ್ತೆರಡೂವರೆ ಡೆಸಿಬೆಲ್.